ಓದುಗರ ಪ್ರಶ್ನೆ, ನಮ್ಮ ಉತ್ತರ: ಕೊಡಗಿನ ಚಳಿಯಲ್ಲಿ ಕೂದಲ ಆರೈಕೆ

ಹುತ್ತರಿ ಕಳೆದು ಕಾಫಿ ಕೊಯ್ಲು ಬಿರುಸಾದ ಮೇಲೆ ನಮಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೂದಲಿಗೆ ಸಂಬಂಧಿಸಿದವೇ ಆಗಿದ್ದುದರಿಂದ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮಳೆಗಾಲದಲ್ಲಿ ನನ್ನ ಕೂದಲಿಗೆ ಯಾವ ತೊಂದರೆಯೂ ಇರುವುದಿಲ್ಲ. ಡಿಸೆಂಬರ್ ಬಂತೆಂದರೆ ಒರಟಾಗಿ, ತುದಿ ಸೀಳಿ, ಬಾಚಣಿಗೆಗೆ ಸಿಕ್ಕಿ ತುಂಡಾಗುತ್ತದೆ. ದಿನ ಬಿಟ್ಟು ದಿನ ಬೆಳಿಗ್ಗೆ ಹಂಡೆಯ ನೀರಿನಲ್ಲಿ ತಲೆಗೆ ಸ್ನಾನ ಮಾಡುತ್ತೇನೆ. ರಾಸಾಯನಿಕಗಳಿಲ್ಲದೆ ಇದನ್ನು ಸರಿಪಡಿಸಿಕೊಳ್ಳಲು ಏನು ಹಚ್ಚಬೇಕು?
— ಓದುಗರು, ಮಡಿಕೇರಿ

ಉತ್ತರ: ಏನು ಹಚ್ಚಬೇಕೆಂಬುದಕ್ಕಿಂತ ಮೊದಲು ನೀವು ಸುರಿದುಕೊಳ್ಳುವ ನೀರಿನ ಬಗ್ಗೆ ಯೋಚಿಸಬೇಕು, ಏಕೆಂದರೆ ನಿಮ್ಮ ತೊಂದರೆಯ ಮುಖ್ಯ ಕಾರಣ ಅಲ್ಲಿಯೇ ಇರುವಂತೆ ಕಾಣುತ್ತದೆ. ಕೂದಲಿನ ಹೊರಪದರವು ಹೆಂಚಿನ ಮಾಡಿನಂತೆ, ಒಂದರ ಮೇಲೊಂದು ಹೊಂದಿಕೊಂಡ ತೆಳ್ಳನೆಯ ಚಕ್ಕೆಗಳಿಂದ ಆಗಿದೆ. ನೆತ್ತಿಯಲ್ಲಿ ಸಹಜವಾಗಿ ಒಸರುವ ಜಿಡ್ಡು ಈ ಚಕ್ಕೆಗಳನ್ನು ಮೃದುವಾಗಿಟ್ಟು ಒಳಗಿನ ತೇವವನ್ನು ಕಾಪಾಡುತ್ತದೆ. ತಣ್ಣಗಿನ ಗಾಳಿ ನೀರಿನ ಆವಿಯನ್ನು ಹೆಚ್ಚು ಹಿಡಿದಿಟ್ಟುಕೊಳ್ಳಲಾರದು. ಮುಂಜಾನೆ ಮಂಜು ಮುಸುಕಿದ್ದರೂ ಬಿಸಿಲೇರಿದ ಮೇಲೆ ಗಾಳಿ ಒಣಗುತ್ತದೆ, ಚರ್ಮವೂ ಕೂದಲೂ ತೇವ ಕಳೆದುಕೊಳ್ಳುತ್ತವೆ. ಇದೇ ಹೊತ್ತಿಗೆ ನಾವು ಚಳಿಯೆಂದು ಹಂಡೆಯ ಸುಡುನೀರನ್ನು ತಲೆಗೆ ಸುರಿದುಕೊಂಡರೆ, ಇದ್ದ ಅಷ್ಟಿಷ್ಟು ಜಿಡ್ಡೂ ತೊಳೆದುಹೋಗುತ್ತದೆ. ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಅದೇ ಸ್ನಾನ ಅಷ್ಟಾಗಿ ಬಾಧಿಸುವುದಿಲ್ಲ.

ಆದ್ದರಿಂದ ಮೈಗೆ ಬಿಸಿನೀರು ಇರಲಿ, ತಲೆಗೆ ಬೇರೆ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರನ್ನು ಬೆರೆಸಿಟ್ಟುಕೊಳ್ಳಿ. ಮುಂಗೈಯ ಒಳಭಾಗಕ್ಕೆ ಸುರಿದುಕೊಂಡಾಗ ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದ ಹದವಿದ್ದರೆ ಸಾಕು. ದಿನ ಬಿಟ್ಟು ದಿನ ತಲೆ ತೊಳೆಯುವ ಅಗತ್ಯ ಈ ತಿಂಗಳುಗಳಲ್ಲಿ ಒಣ ಕೂದಲಿನವರಿಗೆ ಇರುವುದಿಲ್ಲ. ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ ಸಾಕಾಗುತ್ತದೆ. ಸಾಧ್ಯವಿದ್ದರೆ ಆ ಸ್ನಾನವನ್ನು ಮುಂಜಾನೆಯಿಂದ ಮಧ್ಯಾಹ್ನಕ್ಕೆ ಬದಲಾಯಿಸಿಕೊಳ್ಳಿ, ಬಿಸಿಲಿರುವಾಗ ಕೂದಲು ತಾನಾಗಿಯೇ ಆರುತ್ತದೆ.

ತೊಳೆಯಲು ನಮ್ಮ ಬೇಲಿಯ ದಾಸವಾಳಕ್ಕಿಂತ ಸೌಮ್ಯವಾದದ್ದನ್ನು ನಾನು ಬೇರೆ ಹೇಳಲಾರೆ. ಒಂದು ದೊಡ್ಡ ಹಿಡಿ ಎಳೆಯ ಎಲೆಗಳನ್ನು ತೊಳೆದು, ಬೋಗುಣಿಯಲ್ಲಿ ಸ್ವಲ್ಪ ನೀರು ಹಾಕಿ ಕೈಯಿಂದ ಚೆನ್ನಾಗಿ ಕಿವುಚಿ. ಮೊದಲು ಹಸಿರು ನೀರು ಬಿಡುತ್ತದೆ, ಕಿವುಚುತ್ತಾ ಹೋದಂತೆ ಬೆರಳುಗಳ ನಡುವೆ ಎಳೆಎಳೆಯಾಗಿ ಇಳಿಯುವ ಲೋಳೆಯಾಗುತ್ತದೆ. ಆಗ ಅದನ್ನು ತೆಳುಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಸೋಸದೆ ಹಚ್ಚಿದರೆ ಎಲೆಯ ಚೂರುಗಳು ಕೂದಲಿಗೆ ಅಂಟಿಕೊಂಡು, ಅವನ್ನು ಬಿಡಿಸುವಾಗಲೇ ಕೂದಲು ತುಂಡಾಗುತ್ತದೆ. ಲೋಳೆಯನ್ನು ನೆತ್ತಿಗೂ ಕೂದಲಿಗೂ ಸವರಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಎಣ್ಣೆ ಹೆಚ್ಚಾಗಿದ್ದರೆ ಲೋಳೆ ಒಂದರಿಂದಲೇ ಹೋಗುವುದಿಲ್ಲ. ಅಂಥ ದಿನ ಸೀಗೆಕಾಯಿಯ ನೀರನ್ನು ಜೊತೆಗೆ ಬಳಸಬಹುದು. ಬೀಜ ತೆಗೆದ ಸೀಗೆಕಾಯಿಯನ್ನು ಒಂದು ಚಮಚ ಮೆಂತ್ಯದೊಂದಿಗೆ ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಆರಿಸಿ, ಸೋಸಿದರಾಯಿತು. ಅಂಟುವಾಳದ ಸಿಪ್ಪೆಯಲ್ಲಿ ನೊರೆ ಹೆಚ್ಚು, ಜಿಡ್ಡನ್ನು ಕೀಳುವ ಗುಣವೂ ಹೆಚ್ಚು. ಒಣ ಕೂದಲಿನವರು ಚಳಿಗಾಲದಲ್ಲಿ ಅದನ್ನು ಬಿಡುವುದೇ ಒಳ್ಳೆಯದು. ಸೀಗೆಕಾಯಿಯಾಗಲಿ ಅಂಟುವಾಳವಾಗಲಿ ಕಣ್ಣಿಗೆ ಬಿದ್ದರೆ ತೀವ್ರವಾಗಿ ಉರಿಯುತ್ತದೆ, ಮಕ್ಕಳಿಗೆ ಹಾಕುವಾಗ ವಿಶೇಷ ಎಚ್ಚರವಿರಲಿ.

ತಲೆ ಒರೆಸಲು ಒರಟು ಟವೆಲ್ ಬೇಡ. ಹಳೆಯ ಹತ್ತಿಯ ಪಂಚೆಯಿಂದ ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ನೆನೆದ ಕೂದಲು ಉಬ್ಬಿ ಬಲ ಕಳೆದುಕೊಂಡಿರುತ್ತದೆ. ಅರೆ ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿಕೊಂಡು ಬನ್ನಿ. ಈಗಾಗಲೇ ಸೀಳಿದ ತುದಿಯನ್ನು ಯಾವ ಎಣ್ಣೆಯೂ ಕೂಡಿಸಲಾರದು, ಅದನ್ನು ಕತ್ತರಿಸಿಯೇ ತೆಗೆಯಬೇಕು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ಒಂದಿಷ್ಟು ಕತ್ತರಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಶೀಶೆಯಲ್ಲೇ ಗಟ್ಟಿಯಾಗುತ್ತದೆ. ಒಲೆಯ ಮೇಲಿಟ್ಟು ಕಾಯಿಸಿದರೆ ಅದರ ಗುಣ ಹೋಗುತ್ತದೆಯೇ? ಕರಿಬೇವು, ಗರುಗದ ಸೊಪ್ಪು ಹಾಕಿ ಕಾಯಿಸಿದ ಎಣ್ಣೆಯಿಂದ ಹೊಸ ಕೂದಲು ಹುಟ್ಟುವುದು ನಿಜವೇ?
— ಓದುಗರು, ಸೋಮವಾರಪೇಟೆ

ಉತ್ತರ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಇದು ಅದರ ಸಹಜ ಗುಣವೇ ಹೊರತು ಕಲಬೆರಕೆಯ ಲಕ್ಷಣವಲ್ಲ. ನೇರವಾಗಿ ಉರಿಯ ಮೇಲಿಡದೆ, ಬೇಕಾದಷ್ಟನ್ನು ಬಟ್ಟಲಿಗೆ ಹಾಕಿ ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟರೆ ಎರಡು ನಿಮಿಷದಲ್ಲಿ ಕರಗುತ್ತದೆ. ಚಳಿಗೆ ಗಟ್ಟಿಯಾಗುವುದಿಲ್ಲವೆಂಬ ಕಾರಣಕ್ಕೆ ಬೇರೆ ಎಣ್ಣೆಗೆ ಬದಲಾಯಿಸಬೇಕಾಗಿಲ್ಲ. ಭಾರತೀಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ತೈಲಗಳನ್ನು ಹೋಲಿಸಿ ನೋಡಿದಾಗ, ಕೂದಲಿನ ಪ್ರೋಟೀನ್ ಸೋರಿಹೋಗುವುದನ್ನು ಗಣನೀಯವಾಗಿ ತಡೆದದ್ದು ಕೊಬ್ಬರಿ ಎಣ್ಣೆಯೊಂದೇ. ಅದರಲ್ಲಿರುವ ಲಾರಿಕ್ ಆಮ್ಲದ ಅಣುಗಳು ಚಿಕ್ಕವಾಗಿದ್ದು ಕೂದಲಿನ ಎಳೆಯೊಳಕ್ಕೆ ಇಳಿಯಬಲ್ಲವು. ತಲೆ ತೊಳೆಯುವ ಮೊದಲೂ ಹಚ್ಚಬಹುದು, ತೊಳೆದ ಮೇಲೆ ತುದಿಗಳಿಗೆ ಕೆಲವೇ ಹನಿ ಸವರಬಹುದು. ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ, ಉದ್ದ ಕೂದಲಿಗೆ ಎರಡು ಚಮಚದಷ್ಟು ಹಚ್ಚಿದರೆ ಸಾಕು.

ಸೊಪ್ಪು ಹಾಕಿ ಕಾಯಿಸಿದ ಎಣ್ಣೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಅದು ಸುವಾಸನೆಯದ್ದು, ಹಿತವಾದದ್ದು, ಹಚ್ಚುವಾಗಿನ ನಯವಾದ ನೀವುವಿಕೆಯಿಂದ ನೆತ್ತಿಗೆ ಆರಾಮವಾಗುತ್ತದೆ. ಆದರೆ ಬೋಳಾದ ಜಾಗದಲ್ಲಿ ಅದರಿಂದ ಕೂದಲು ಹುಟ್ಟುತ್ತದೆಂದು ಯಾರಾದರೂ ಶೀಶೆಗೆ ನೂರಾರು ರೂಪಾಯಿ ಕೇಳಿದರೆ ಕೊಡಬೇಡಿ. ಮನೆಯಲ್ಲೇ ಮಾಡಿಕೊಳ್ಳುವುದಾದರೆ ಸೊಪ್ಪನ್ನು ತೊಳೆದು ನೆರಳಿನಲ್ಲಿ ಪೂರ್ತಿ ಆರಿಸಿ, ಸಣ್ಣ ಉರಿಯಲ್ಲಿ ಎಣ್ಣೆಯ ಚಿಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ. ಸದ್ದು ಇನ್ನೂ ಇದೆಯೆಂದರೆ ಸೊಪ್ಪಿನಲ್ಲಿ ನೀರಿನಂಶ ಉಳಿದಿದೆ ಎಂದರ್ಥ, ಆಗಲೇ ಇಳಿಸಿದರೆ ಎಣ್ಣೆ ಬೇಗನೆ ಕಮಟುತ್ತದೆ.

ಪ್ರಶ್ನೆ: ತೋಟದ ಕೆಲಸಕ್ಕೆ ಬೆಳಿಗ್ಗೆ ಬೇಗ ಹೊರಡಬೇಕಾದ್ದರಿಂದ ತಲೆಗೆ ಸ್ನಾನ ಮಾಡಿ ಒದ್ದೆ ಕೂದಲನ್ನೇ ಗಂಟುಕಟ್ಟಿ, ಮೇಲೆ ಬಟ್ಟೆ ಸುತ್ತಿ ಹೋಗುತ್ತೇನೆ. ಈಗ ನೆತ್ತಿ ತುರಿಸುತ್ತದೆ, ಹೊಟ್ಟು ಉದುರುತ್ತದೆ, ಸಂಜೆ ಬಿಚ್ಚಿದಾಗ ಮುಗ್ಗಲು ವಾಸನೆ. ಒಣಗಿದ್ದಕ್ಕೆ ಹೀಗಾಗಿದೆಯೆಂದು ರಾತ್ರಿಯೆಲ್ಲ ಎಣ್ಣೆ ಹಚ್ಚಿ ಮಲಗಿದರೂ ಕಡಿಮೆಯಾಗಲಿಲ್ಲ.
— ಓದುಗರು, ಸಿದ್ದಾಪುರ

ಉತ್ತರ: ರಾತ್ರಿಯಿಡೀ ಎಣ್ಣೆ ಹಚ್ಚುವುದನ್ನು ಇಂದೇ ನಿಲ್ಲಿಸಿ. ತಲೆಹೊಟ್ಟಿನಲ್ಲಿ ಮಲಸೀಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರದ ಪಾತ್ರ ದೊಡ್ಡದು. ಅದು ಎಲ್ಲರ ನೆತ್ತಿಯಲ್ಲೂ ಇರುವಂಥದ್ದೇ, ನೆತ್ತಿಯ ಜಿಡ್ಡನ್ನು ತಿಂದು ಬದುಕುವಂಥದ್ದು. ಎಣ್ಣೆಯನ್ನು ಗಂಟೆಗಟ್ಟಲೆ ಬಿಟ್ಟರೆ ಅದಕ್ಕೆ ಆಹಾರ ಒದಗಿಸಿದಂತಾಗುತ್ತದೆ, ಒದ್ದೆ ಕೂದಲನ್ನು ಬಟ್ಟೆಯೊಳಗೆ ಬಂಧಿಸಿದರೆ ಬೇಕಾದ ತೇವವೂ ಬೆಚ್ಚನೆಯೂ ಸಿಗುತ್ತದೆ. ಚಳಿಯಿಂದ ಬರಿದೇ ಒಣಗಿದ ನೆತ್ತಿಯಿಂದ ಉದುರುವುದು ಸಣ್ಣ, ಬಿಳಿ, ಹಗುರ ಪುಡಿ. ಹೊಟ್ಟಿನ ಚೂರುಗಳು ದೊಡ್ಡದಾಗಿ, ಕೊಂಚ ಹಳದಿಯಾಗಿ, ಜಿಡ್ಡಾಗಿ ಅಂಟಿಕೊಂಡಿರುತ್ತವೆ. ನೀವು ಬರೆದಿರುವುದು ಎರಡನೆಯದಕ್ಕೆ ಹತ್ತಿರವಾಗಿದೆ.

ಕೆಲಸದಿಂದ ಬಂದ ಮೇಲೆ, ಕತ್ತಲಾಗುವ ಮೊದಲು ತಲೆ ತೊಳೆದುಕೊಳ್ಳಿ, ಅಥವಾ ರಜೆಯ ದಿನದ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಹೊಟ್ಟು ಇರುವಷ್ಟು ಕಾಲ ವಾರಕ್ಕೆ ಎರಡು ಮೂರು ಸಲ ತೊಳೆಯುವುದು ತಪ್ಪಲ್ಲ. ಮಡಿಕೇರಿಯ ಓದುಗರಿಗೆ ಹೇಳಿದ ಮಿತಿ ನಿಮಗೆ ಅನ್ವಯಿಸುವುದಿಲ್ಲ. ತಲೆಗೆ ಸುತ್ತುವ ಬಟ್ಟೆ ಹತ್ತಿಯದ್ದಾಗಿರಲಿ, ಪ್ರತಿದಿನ ಒಗೆದು ಬಿಸಿಲಿನಲ್ಲಿ ಒಣಗಿಸಿದ್ದಾಗಿರಲಿ. ಬಾಚಣಿಗೆ, ದಿಂಬಿನ ಚೀಲಗಳನ್ನೂ ಹಾಗೆಯೇ ತೊಳೆಯಿರಿ. ಕೂದಲು ಆರಿಸಲು ಒಲೆಯ ಹತ್ತಿರ ಕೂರುವವರಿದ್ದಾರೆ, ಸಾಂಬ್ರಾಣಿ ಹೊಗೆ ಹಿಡಿಯುವವರೂ ಇದ್ದಾರೆ. ದೂರ ಕುಳಿತು, ಬಾಗಿಲು ಕಿಟಕಿ ತೆರೆದಿದ್ದರೆ ಆಕ್ಷೇಪವಿಲ್ಲ. ಆದರೆ ತೋಟದ ಕೆಲಸಗಾರರ ಲೈನ್‌ಮನೆಯ ಸಣ್ಣ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೆಂಡ ಇಟ್ಟುಕೊಳ್ಳುವುದು ಪ್ರಾಣಕ್ಕೇ ಅಪಾಯ, ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಇದನ್ನು ದಯವಿಟ್ಟು ಮನೆಯ ಎಲ್ಲರಿಗೂ ತಿಳಿಸಿ.

ಮೂರು ನಾಲ್ಕು ವಾರ ಹೀಗೆ ಮಾಡಿದರೂ ತುರಿಕೆ ನಿಲ್ಲದಿದ್ದರೆ, ನೆತ್ತಿ ಕೆಂಪಾಗಿ ರಸಿಗೆ ಒಸರಿದರೆ ಅಥವಾ ಗುಂಡಗೆ ಕೂದಲು ಉದುರಿದ ಜಾಗ ಕಂಡರೆ ಸರಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ಕೀಟೊಕೊನಜೋಲ್ ಎಂಬ ಶಿಲೀಂಧ್ರನಾಶಕ ಇರುವ ಶಾಂಪೂವನ್ನು ವೈದ್ಯರು ಸೂಚಿಸಬಹುದು. ಸೊಪ್ಪುಸದೆಗಳ ಮೇಲೆ ನನಗಿರುವ ಪ್ರೀತಿ ದೊಡ್ಡದು, ಆದರೂ ಈ ಹಂತದಲ್ಲಿ ಔಷಧವನ್ನು ಬೇಡವೆನ್ನಬಾರದು.

ಪ್ರಶ್ನೆ: ಹೊಟ್ಟಿಗೆ ನಿಂಬೆರಸ ಹಚ್ಚಲೇ? ಮನೆಯಲ್ಲಿ ಕಾಚಂಪುಳಿ ಇದೆ, ಅದನ್ನೂ ಹಚ್ಚಬಹುದೆಂದು ಗೆಳತಿ ಹೇಳಿದಳು.
— ಓದುಗರು, ಕುಶಾಲನಗರ

ಉತ್ತರ: ಎರಡೂ ಬೇಡ. ನಿಂಬೆರಸ ತೀಕ್ಷ್ಣ ಆಮ್ಲ, ಕೆರೆದು ಗಾಯವಾದ ನೆತ್ತಿಗೆ ಉರಿ ತರುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಕುಳಿತರೆ ಹಣೆ, ಕತ್ತಿನ ಚರ್ಮ ಸುಟ್ಟು ಕಪ್ಪು ಕಲೆ ಬೀಳುವುದುಂಟು. ಕಾಚಂಪುಳಿಯಂತೂ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದ ಕಡುಹುಳಿ. ಪಂದಿಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ, ಅದು ಬೇಕೇಬೇಕು, ನೆತ್ತಿಗೆ ಖಂಡಿತ ಬೇಡ.

ಪ್ರಶ್ನೆ: ಮಗಳ ಹೆರಿಗೆಯಾಗಿ ಮೂರು ತಿಂಗಳಾಯಿತು. ಈಗ ಅವಳ ಕೂದಲು ಹಿಡಿಹಿಡಿಯಾಗಿ ಉದುರುತ್ತಿದೆ. ಬಾಣಂತಿ ಸ್ನಾನದಲ್ಲಿ ಚಳಿ ತಾಗಿ ಹೀಗಾಯಿತೇ?
— ಓದುಗರು, ನಾಪೋಕ್ಲು

ಉತ್ತರ: ಅಲ್ಲ, ಅಮ್ಮಾ, ನೀವು ನಿಮ್ಮನ್ನು ದೂರಿಕೊಳ್ಳಬೇಡಿ. ಬಸಿರಿನಲ್ಲಿ ಹಾರ್ಮೋನುಗಳ ಪ್ರಭಾವದಿಂದ ಉದುರಬೇಕಾದ ಕೂದಲೂ ಉದುರದೆ ನಿಂತಿರುತ್ತದೆ, ಹೆರಿಗೆಯಾಗಿ ಎರಡರಿಂದ ನಾಲ್ಕು ತಿಂಗಳಿಗೆ ಅವೆಲ್ಲ ಒಟ್ಟಿಗೆ ಬಿಡುತ್ತವೆ. ಸಾಮಾನ್ಯವಾಗಿ ಎಲ್ಲರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತದೆ. ಈ ಸಮಯದಲ್ಲಿ ಅದಕ್ಕಿಂತ ಬಹಳ ಹೆಚ್ಚಾಗಿ ಕಾಣುತ್ತದೆ. ಹೆಚ್ಚಿನವರಲ್ಲಿ ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಸರಿಹೋಗುತ್ತದೆ. ಬಾಣಂತಿಯ ಮೈಗೆ ಎರೆಯುವ ಸುಡುನೀರನ್ನೇ ತಲೆಗೂ ಎರೆಯುವ ಪದ್ಧತಿಯಿದ್ದರೆ ಅದನ್ನು ಮಾತ್ರ ಬಿಡಿಸಿ, ತಲೆಗೆ ಬೆಚ್ಚಗಿನ ನೀರು ಸಾಕು. ಬಿಗಿಯಾಗಿ ಜಡೆ ಹೆಣೆಯಬೇಡಿ.

ಹೆರಿಗೆಯಲ್ಲಿ ರಕ್ತ ಹೋಗಿರುವುದರಿಂದ ಕಬ್ಬಿಣಾಂಶ ಕಡಿಮೆಯಾಗಿದೆಯೇ ಎಂದು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಥೈರಾಯ್ಡ್ ಪರೀಕ್ಷೆಯೂ ಆಗಲಿ. ಕೊಟ್ಟಿರುವ ಕಬ್ಬಿಣದ ಮಾತ್ರೆಯನ್ನು ಉಷ್ಣವಾಗುತ್ತದೆಂದು ನಿಲ್ಲಿಸಬಾರದು. ಊಟದಲ್ಲಿ ಸೊಪ್ಪು, ಮೊಳಕೆ ಕಾಳು, ರಾಗಿ, ಮೊಟ್ಟೆ, ಮೀನು ಇರಲಿ. ಈಗ ನೆಲ್ಲಿಕಾಯಿಯ ಕಾಲ. ಅದರಲ್ಲಿರುವ ಸಿ ಜೀವಸತ್ವ ಸೊಪ್ಪುಕಾಳುಗಳ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುವುದರಿಂದ ಊಟದ ಜೊತೆಗೇ ನೆಲ್ಲಿಕಾಯಿ ಚಟ್ನಿ ಮಾಡಿ ಕೊಡಿ. ಕಾಫಿಯನ್ನು ಊಟದೊಂದಿಗೆ ಕುಡಿಯುವ ಅಭ್ಯಾಸ ಕೊಡಗಿನ ಮನೆಮನೆಯಲ್ಲೂ ಉಂಟು, ಆದರೆ ಅದು ಇದೇ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಬಾಣಂತಿಗೆ ಕಾಫಿಯನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ. ಊಟದಿಂದಲೂ ಮಾತ್ರೆಯಿಂದಲೂ ಕನಿಷ್ಠ ಒಂದು ಗಂಟೆ ಅಂತರ ಬಿಟ್ಟು, ಅಳತೆ ಮೀರದಂತೆ ಕೊಡಿ.