1960ರ ದಶಕದಲ್ಲಿ ಇಟಲಿಯಲ್ಲಿ ಅಷ್ಟೊಂದು ಅಗ್ಗದ ಜೇಮ್ಸ್ ಬಾಂಡ್ ಸಿನಿಮಾ ನಕಲುಗಳು ಬಂದಿದ್ದು ಯಾಕೆ?

ಸುಲಭದ ದುಡ್ಡು, ಅಷ್ಟೇ. 1964ರ ಬಾಂಡ್ ಚಿತ್ರ 'ಗೋಲ್ಡ್‌ಫಿಂಗರ್' ದುಡ್ಡು ಬಾಚಿದ್ದೇ ತಡ, ರೋಮ್‌ನ ನಿರ್ಮಾಪಕರೆಲ್ಲ ಗೂಢಚಾರರ ಹಿಂದೆ ಬಿದ್ದರು. ಖರ್ಚನ್ನು ಸ್ಪೇನ್, ಫ್ರಾನ್ಸ್, ಪಶ್ಚಿಮ ಜರ್ಮನಿಯವರ ಜೊತೆ ಹಂಚಿಕೊಳ್ಳುತ್ತಿದ್ದರು. ಮಾತನ್ನು ಆಮೇಲೆ ಡಬ್ ಮಾಡುತ್ತಿದ್ದರಿಂದ ನಟರು ಯಾವ ಭಾಷೆಯವರಾದರೂ ನಡೆಯುತ್ತಿತ್ತು. ನಾಯಕನಿಗೆ ಬಾಂಡ್‌ನ 007 ಥರ 077 ಅಂತ ಒಂದು ನಂಬರ್ ಅಂಟಿಸಿದರೆ ಮುಗೀತು!

ಇದರಲ್ಲಿ ನನಗೆ ಜಾಸ್ತಿ ಇಷ್ಟ 1967ರ 'ಓಕೆ ಕಾನರಿ'. ಬಾಂಡ್ ಪಾತ್ರ ಮಾಡಿದ್ದ ಶಾನ್ ಕಾನರಿ ಸಿಗಲ್ಲ, ಸರಿ, ಅವರ ತಮ್ಮನನ್ನೇ ಹಿಡಿದು ತಂದರು! ನೀಲ್ ಕಾನರಿ ಅಸಲಿಗೆ ಗೋಡೆಗೆ ಪ್ಲಾಸ್ಟರಿಂಗ್ ಮಾಡುತ್ತಿದ್ದವರು. ಸಿನಿಮಾದಲ್ಲಿ ಪ್ಲಾಸ್ಟಿಕ್ ಸರ್ಜನ್, ಹೆಸರೂ ಡಾಕ್ಟರ್ ನೀಲ್ ಕಾನರಿ. ದನಿ ಮಾತ್ರ ಬೇರೆಯವರದ್ದು. ಬಾಂಡ್ ಚಿತ್ರಗಳಲ್ಲಿ ಬಾಂಡ್‌ನ ಮೇಲಧಿಕಾರಿ 'ಎಂ' ಆಗಿದ್ದ ಬರ್ನಾರ್ಡ್ ಲೀ, ಆ ಅಧಿಕಾರಿಯ ಕಾರ್ಯದರ್ಶಿ ಮನಿಪೆನ್ನಿಯಾಗಿದ್ದ ಲೋಯಿಸ್ ಮ್ಯಾಕ್ಸ್‌ವೆಲ್ ಕೂಡ ಇದರಲ್ಲಿದ್ದಾರೆ. ಸಂಗೀತಕ್ಕೆ ಎನ್ನಿಯೋ ಮೊರಿಕೋನೆ. ಕಥೆ ಲಾಟರಿ, ಹಾಡು ಮಸ್ತ್.

ಆಮೇಲೆ ಕೌಬಾಯ್ ಸಿನಿಮಾಗಳೇ ಹೆಚ್ಚು ಓಡತೊಡಗಿದವು, ಇದೇ ಮಂದಿ ಕುದುರೆ ಹತ್ತಿದರು.

ಅಂದ ಹಾಗೆ, ನಮ್ಮಲ್ಲೂ ಈ ಗಾಳಿ ಬೀಸಿತ್ತಲ್ವಾ? 1968ರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆಗಿದ್ದರು. ನಿರ್ದೇಶನ ದೊರೆ-ಭಗವಾನ್ ಅವರದು. ನನ್ನ ಪ್ರಕಾರ ಇಟಲಿಯ ಎಷ್ಟೋ ನಕಲುಗಳಿಗಿಂತ ಅದೇ ವಾಸಿ.