ಕೊಟ್ಟಂಚೇರಿ ಜೀಪ್ ಫೋಟೋಗಳ ಬಗ್ಗೆ

ಕಾಸರಗೋಡು ಕಡೆಯ ಕೊನ್ನಕ್ಕಾಡಿನಿಂದ ಕೊಟ್ಟಂಚೇರಿ ಬೆಟ್ಟಕ್ಕೆ ಜೀಪಲ್ಲಿ ಹತ್ತಿದ ಫೋಟೋಗಳನ್ನು ವಾಟ್ಸಾಪಲ್ಲಿ ಕಳಿಸಿದರೆ ಮಸುಕಾಗುತ್ತವೆ, ಏರು ಚಪ್ಪಟೆಯಾಗಿ ಕಾಣುತ್ತದೆ ಅಂದಿರಲ್ಲ?

ಸುಮ್ನೆ ಗ್ಯಾಲರಿಯಿಂದ ಕಳಿಸಬೇಡಿ ಮಾರಾಯ್ರೆ, ‘ಡಾಕ್ಯುಮೆಂಟ್’ ಆಗಿ ಕಳಿಸಿ. ಫೈಲ್ ಇದ್ದ ಹಾಗೇ ಹೋಗುತ್ತದೆ. ಆದರೆ ಕ್ಯಾಮೆರಾದ ಲೊಕೇಶನ್ ಆನ್ ಇದ್ದರೆ ತೆಗೆದ ಜಾಗವೂ ಜೊತೆಗೇ ಹೋಗುತ್ತದೆ. ಮನೆ ಅಂಗಳದ ಫೋಟೋ ದೊಡ್ಡ ಗ್ರೂಪಿಗೆ ಬೇಡ.

ಏರು ಚಪ್ಪಟೆ ಕಾಣೋದು ಎಲ್ಲರ ಗೋಳು. ವೈಡ್ ಲೆನ್ಸ್ ಬಿಡಿ. ದೂರ ನಿಂತು, ಜೂಮ್ ಮಾಡಿ, ಪಕ್ಕದಿಂದ ತೆಗೆಯಿರಿ. ನೆಟ್ಟಗಿರುವ ಕಂಗಿನ ಮರ ಒಂದು ಚೌಕಟ್ಟಿನೊಳಗೆ ಬರಲಿ. ಆಗ ಜೀಪ್ ಎಷ್ಟು ವಾಲಿದೆ ಅಂತ ಗೊತ್ತಾಗುತ್ತದೆ. ಲೋ ಗೇರಲ್ಲಿ ಕಲ್ಲು ಹತ್ತುವ ಸದ್ದಿಗಂತೂ ವಿಡಿಯೋನೇ ಬೇಕು.

ಅಂದಹಾಗೆ, ಕಂಬಿ ಬಿಗಿಹಿಡಿದು ಕೂತವರ ಮುಖಗಳನ್ನು ಮೊದಲು ಹಾಕಿ. ಬೆಟ್ಟ ಆಮೇಲೆ ನೋಡೋಣ.