ಲಿಟರೇಚರ್ ರಿವ್ಯೂಗೆ ಇತ್ತೀಚಿನ ಪೇಪರ್‌ಗಳ ಅಬ್‌ಸ್ಟ್ರಾಕ್ಟ್ ಓದಿದರೆ ಸಾಕಾ?

ಹೀಗಂತ ಕೇಳಿ ನೀವು ಬರೆದಿದ್ದೀರಿ. ಲಿಟರೇಚರ್ ರಿವ್ಯೂ ಅಂದರೆ ನಮ್ಮ ವಿಷಯದ ಬಗ್ಗೆ ಹಿಂದೆ ಬಂದ ಸಂಶೋಧನೆಗಳ ಸಮೀಕ್ಷೆ, ಅಬ್‌ಸ್ಟ್ರಾಕ್ಟ್ ಅಂದರೆ ಪೇಪರ್‌ನ ಮೊದಲಲ್ಲಿ ಬರುವ ಸಾರಾಂಶ. ನಿಮ್ಮ ಸಂಶೋಧನೆಯ ವಿಷಯ ಮಲೆನಾಡಿನ ಮಳೆ ಮತ್ತು ಧರೆ ಕುಸಿತ, ನೂರೈವತ್ತು ಪಿಡಿಎಫ್ ಇಳಿಸಿಕೊಂಡಿದ್ದೀರಿ, ಗೈಡ್ ಐದು ವರ್ಷದೊಳಗಿನದ್ದು ಮಾತ್ರ ಸಾಕು ಅಂದಿದ್ದಾರೆ. ಓದಿದಾಗ ನನ್ನ ಹಳೆ ಫೋಲ್ಡರ್ ನೆನಪಾಯಿತು. ಅದರಲ್ಲಿ ಇನ್ನೂರ ಹತ್ತಿದ್ದವು.

ನಾನು ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟದಿಂದ ಮಳೆಗೆ ಎಷ್ಟು ಮಣ್ಣು ಕೊಚ್ಚಿ ಹೋಗುತ್ತೆ ಅನ್ನೋದು ನನ್ನ ಪಿಎಚ್‌ಡಿ. ಎರಡು ಮಳೆಗಾಲ ಉಂಬಳ ಕಚ್ಚಿಸಿಕೊಂಡು ಮಣ್ಣು ಹಿಡಿದು, ಒಣಗಿಸಿ, ತೂಗಿದ್ದೆ. ಆ ಕೆಲಸದಲ್ಲಿ ಯಾರೂ ತಪ್ಪು ಹಿಡಿಯಲಿಲ್ಲ. ನಾನು ಸಿಕ್ಕಿಬಿದ್ದದ್ದು ಹಾಸ್ಟೆಲ್ ರೂಮಿನಲ್ಲಿ ಕೂತು ಒಂದೇ ವಾರದಲ್ಲಿ ಬರೆದ ಲಿಟರೇಚರ್ ರಿವ್ಯೂನಲ್ಲಿ.

ಆದದ್ದಿಷ್ಟು. ಯಾವುದೋ ಒಂದು ರಿವ್ಯೂ ಪೇಪರ್‌ನ ಪೀಠಿಕೆಯಲ್ಲಿ, ಭಾರತದಲ್ಲಿ ಅತಿಮಳೆ ಮೂರು ಪಟ್ಟು ಹೆಚ್ಚಾಗಿದೆ ಅಂತ ಒಂದು ಸಾಲಿತ್ತು. ಪಕ್ಕದಲ್ಲೇ ಆಧಾರ: ರಾಕ್ಸಿ ಮತ್ತು ಸಂಗಡಿಗರು, 2017. ನಾನು ಸಾಲನ್ನೂ ಆಧಾರವನ್ನೂ ಹಾಗೇ ಎತ್ತಿಕೊಂಡೆ. ಮೂಲ ಪೇಪರ್ ತೆರೆಯಲೇ ಇಲ್ಲ. ಸುಮ್ನೆ ಉಲ್ಲೇಖ ಮಾಡಿ ಬಿಟ್ಟಿದ್ದರೂ ಬಚಾವಾಗುತ್ತಿದ್ದೆನೇನೋ. ಆದರೆ ಮುಂದಿನ ವರ್ಷಗಳಲ್ಲಿ ಎಷ್ಟು ಮಣ್ಣು ಹೋಗಬಹುದು ಅಂತ ಲೆಕ್ಕ ಹಾಕುವಾಗ ಜೋರು ಮಳೆಯ ದಿನಗಳನ್ನು ಮೂರರಿಂದ ಗುಣಿಸಿದೆ. ಐದನೇ ಅಧ್ಯಾಯದ ಎಲ್ಲ ಕೋಷ್ಟಕಗಳೂ ಆ ಮೂರರ ಮೇಲೆ ನಿಂತಿದ್ದವು.

ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದನ್ನು ದೊಡ್ಡ ಸುದ್ದಿ ಅನ್ನೋ ಹಾಗೆ ಹೇಳಿದೆ. ಅವರು ಕವಳ ಹಾಕುತ್ತಾ, "ಮೂರು ಪಟ್ಟಾ? ಹಾಗಾಗಿದ್ರೆ ತೋಟ ಎಲ್ಲಿ ಉಳೀತಿತ್ತು ಮಾರಾಯ" ಅಂದರು. ಅವರ ಹತ್ತಿರ ಮಳೆ ಡೈರಿ ಇದೆ, ಇಂಚಿನಲ್ಲಿ, ದಿನಾ ಬೆಳಿಗ್ಗೆ ಅಳೆದು ಬರೆದದ್ದು. ಪುನರ್ವಸು, ಪುಷ್ಯ ಅಂತ ಮಳೆ ನಕ್ಷತ್ರದ ಹೆಸರು ಮೇಲೆ, ಕೆಳಗೆ ಅಂಕಿ, ಪಕ್ಕದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದ ತಾರೀಕು. ನಾನು ತೆರೆದೂ ನೋಡಲಿಲ್ಲ. ರಾಕ್ಸಿ ಪೇಪರ್ ಬಂದಿದ್ದ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯ ಎದುರು ದೊಡ್ಡಪ್ಪನ ಡೈರಿ ಯಾವ ಲೆಕ್ಕ, ಅಲ್ವಾ!

ವೈವಾ, ಅಂದರೆ ಥೀಸಿಸ್‌ನ ಮೌಖಿಕ ಪರೀಕ್ಷೆಯ ದಿನ, ಹೊರಗಿನಿಂದ ಬಂದ ಪರೀಕ್ಷಕರು ತುಂಬ ಹೊತ್ತು ಏನೂ ಕೇಳಲಿಲ್ಲ. ಐದನೇ ಅಧ್ಯಾಯಕ್ಕೆ ಬಂದಾಗ ಪೆನ್ಸಿಲ್ ಕೆಳಗಿಟ್ಟು, "ಈ ಮೂರು ಪಟ್ಟು ಯಾರದ್ದು?" ಅಂದರು. ಹೇಳಿದೆ. "ಆ ಪೇಪರ್‌ನ ಹೆಸರು ಓದಿ" ಅಂದರು. ನನ್ನದೇ ಥೀಸಿಸ್‌ನ ಕೊನೆ ಪುಟಗಳನ್ನು ತಿರುಗಿಸಿದೆ. ಆ ಪಟ್ಟಿಯನ್ನು ಸಾಫ್ಟ್‌ವೇರ್ ತಾನೇ ಜೋಡಿಸಿತ್ತು, ನಾನು ಒಮ್ಮೆಯೂ ಓದಿರಲಿಲ್ಲ. ಹೆಸರಿನಲ್ಲೇ ಇತ್ತು, "ಮಧ್ಯ ಭಾರತದ ಮೇಲೆ" ಅಂತ. "ಶಿವಮೊಗ್ಗ ಮಧ್ಯ ಭಾರತಕ್ಕೆ ಸೇರಿದ್ದು ಯಾವಾಗ?" ಅಂತ ಕೇಳಿದರು, ನಗದೆ.

ಅಧ್ಯಾಯ ವಾಪಸ್ ಬಂತು. ಪೂರ್ತಿ ಮಾಡಿಕೊಡಲು ಎಂಟು ತಿಂಗಳು ಹಿಡಿಯಿತು. ಫೆಲೋಶಿಪ್ ಅಷ್ಟರಲ್ಲಿ ಮುಗಿದಿತ್ತು, ಸಂಜೆ ಟ್ಯೂಷನ್ ಹೇಳಿಕೊಂಡು ಕಳೆದೆ.

ಆಮೇಲೆ ಆ ಪೇಪರ್ ಕೂತು ಓದಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 1950ರಿಂದ 2015ರವರೆಗಿನ ಮಳೆ ನೋಡಿದ್ದಾರೆ. ಮೂರು ಪಟ್ಟು ಆಗಿರುವುದು ಒಂದೇ ಹೊತ್ತಿಗೆ ದೊಡ್ಡ ಪ್ರದೇಶದ ಮೇಲೆ ಸುರಿಯುವ ಅತಿಮಳೆ. ಅರಬ್ಬೀ ಸಮುದ್ರದಿಂದ ಬರುವ ಪಶ್ಚಿಮದ ಗಾಳಿಯ ಏರಿಳಿತ ಜಾಸ್ತಿಯಾಗಿ, ಆಗಾಗ ತೇವ ಒಮ್ಮೆಲೇ ನುಗ್ಗಿ ಬರುವುದೇ ಕಾರಣ ಅನ್ನುತ್ತಾರೆ. ಅದೇ ಅಬ್‌ಸ್ಟ್ರಾಕ್ಟ್‌ನಲ್ಲಿ ಅಲ್ಲಿನ ಒಟ್ಟು ಮಳೆ ಕಡಿಮೆಯಾಗಿದೆ ಅಂತಲೂ ಇದೆ. ಅದು ನನ್ನ ಥೀಸಿಸ್‌ನಲ್ಲಿ ಎಲ್ಲೂ ಇರಲಿಲ್ಲ.

ಅಲ್ಲಿಂದ ಹಿಂದಕ್ಕೆ ಹೋದರೆ 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಗೋಸ್ವಾಮಿ ಮತ್ತು ಸಂಗಡಿಗರ ಪೇಪರ್ ಸಿಗುತ್ತೆ. ಅದೂ ಮಧ್ಯ ಭಾರತದ್ದೇ. ದಿನಕ್ಕೆ 100 ಮಿಲಿಮೀಟರ್ ದಾಟಿದರೆ ಭಾರಿ, 150 ದಾಟಿದರೆ ಅತಿ ಭಾರಿ ಅಂತ ಅಳತೆ ಇಟ್ಟುಕೊಂಡಿದ್ದಾರೆ. 150 ಅಂದರೆ ದೊಡ್ಡಪ್ಪನ ಲೆಕ್ಕದಲ್ಲಿ ಆರು ಇಂಚಿನ ಹತ್ತಿರ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆ ಕಡೆ ಪುಷ್ಯ ಮಳೆಯಲ್ಲಿ ಆರು ಇಂಚು ಬಿದ್ದರೆ ಜನ ಕೊಡೆ ಬಿಚ್ಚಿಕೊಂಡು ಪೇಟೆಗೆ ಹೋಗುತ್ತಾರೆ. ಅಲ್ಲಿನ ಅಳತೆ ಇಲ್ಲಿಗೆ ತಂದರೆ ನಮ್ಮ ಅರ್ಧ ಆಷಾಢವೇ "ಅತಿಮಳೆ" ಆಗಿಬಿಡುತ್ತೆ.

ಹಾಗಾಗಿ ಐದು ವರ್ಷದ ನಿಯಮ ನನಗೆ ಒಪ್ಪಿಗೆ ಇಲ್ಲ. ನಿಮ್ಮ ಹೊಸ ನೂರೈವತ್ತರಲ್ಲಿ ಎಷ್ಟೋ ಪೇಪರ್‌ಗಳು ಇಂಥ ನಾಲ್ಕೈದು ಹಳೆಯವುಗಳ ಮೇಲೇ ನಿಂತಿರುತ್ತವೆ. ಇಪ್ಪತ್ತು ಆರಿಸಿ, ಪೂರ್ತಿ ಓದಿ. ಮೊದಲು ಅಬ್‌ಸ್ಟ್ರಾಕ್ಟ್ ಅಲ್ಲ, ನಕ್ಷೆ ನೋಡಿ. ಅವರು ಅಧ್ಯಯನ ಮಾಡಿದ ಪ್ರದೇಶದೊಳಗೆ ಶಿವಮೊಗ್ಗ ಇದೆಯಾ? ಇದ್ದರೂ ಮಳೆ ಲೆಕ್ಕಕ್ಕೆ ನಕ್ಷೆಯನ್ನು ಭಾಗ ಮಾಡಿದ ಒಂದೊಂದು ಚೌಕ ಎಷ್ಟು ದೊಡ್ಡದು? ಹವಾಮಾನ ಇಲಾಖೆಯ ಕಾಲು ಡಿಗ್ರಿ ಗ್ರಿಡ್‌ನಲ್ಲಿ ಒಂದು ಚೌಕದ ಬದಿ ಅಂದರೆ ಹೆಚ್ಚುಕಮ್ಮಿ 27 ಕಿಲೋಮೀಟರ್. ನಮ್ಮಲ್ಲಿ ಅಷ್ಟರೊಳಗೆ ಘಟ್ಟವೇ ಇಳಿದು ಮುಗಿದಿರುತ್ತೆ. ಆಗುಂಬೆಯ ಮಳೆಯಲ್ಲಿ ಐದರಲ್ಲಿ ಒಂದು ಪಾಲೂ ಶಿವಮೊಗ್ಗ ಪೇಟೆಗೆ ಬರಲ್ಲ. ಸಾರಾಂಶ ಮಾಡಿಕೊಡುವ ಎಐ ಬಳಸಬಹುದಾ ಅಂತಲೂ ಕೇಳಿದ್ದೀರಿ. ಬೇಡ. ನಾನು ನೋಡಿದ ಸಾರಾಂಶಗಳಲ್ಲಿ ಮೊದಲು ಬಿದ್ದುಹೋಗೋದೇ ಊರಿನ ಹೆಸರು.

ವಯನಾಡ್ ಬಗ್ಗೆ ಖಂಡಿತ ಬರೆಯುತ್ತೀರಿ. 2024ರ ಜುಲೈ 30ರ ಆ ಭೂಕುಸಿತದ ದುರಂತದ ನಂತರ, ಇಂಥ ಘಟನೆಗಳಲ್ಲಿ ಹವಾಮಾನ ಬದಲಾವಣೆಯ ಪಾಲೆಷ್ಟು ಅಂತ ಲೆಕ್ಕ ಹಾಕುವ ವಿಜ್ಞಾನಿಗಳ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡ, ಹವಾಮಾನ ಬದಲಾವಣೆಯಿಂದ ಅಂದಿನ ಮಳೆ ಸುಮಾರು ಶೇ. 10ರಷ್ಟು ಜೋರಾಗಿತ್ತು ಅಂದಿತು. ಜಾಗ ಚಿಕ್ಕದು, ಗುಡ್ಡಗಾಡು, ಹಾಗಾಗಿ ಹವಾಮಾನದ ಕಂಪ್ಯೂಟರ್ ಮಾದರಿಗಳಲ್ಲಿ ಅನಿಶ್ಚಿತತೆ ಜಾಸ್ತಿ ಅಂತ ಅವರೇ ಬರೆದಿದ್ದಾರೆ. ಆ ಮಾತು ಬಿಟ್ಟು ಬರೀ ಹತ್ತು ಎತ್ತಿಕೊಂಡರೆ ನನ್ನ ಮೂರಿನ ಕಥೆಯೇ.

ಅಂದಹಾಗೆ, ಕೊನೆಗೆ ದೊಡ್ಡಪ್ಪನ ಡೈರಿಯನ್ನೂ ತೆರೆದೆ. ಒಂದು ದಿನ ಹನ್ನೊಂದು ಇಂಚು! ಸಿಕ್ಕಿತು ಅಂದುಕೊಂಡೆ. ಕೇಳಿದರೆ, ಹಿಂದಿನ ದಿನ ಸಾಗರಕ್ಕೆ ಮದುವೆಗೆ ಹೋಗಿದ್ದರಂತೆ, ಬಂದ ಮೇಲೆ ಎರಡು ದಿನದ್ದನ್ನೂ ಸೇರಿಸಿ ಅಳೆದು ಬರೆದಿದ್ದರು. ಊರಿನಲ್ಲಿ ಯಾರ ಹತ್ತಿರವಾದರೂ ಇಂಥ ಡೈರಿ ಇದ್ದರೆ ತನ್ನಿ, ಆದರೆ ಬರೆದವರನ್ನು ಕೂರಿಸಿಕೊಂಡೇ ಓದಿ.

ಗೈಡ್ ಬೈದರೆ ಬೈಸಿಕೊಳ್ಳಿ. ಉಳಿದ ನೂರಮೂವತ್ತನ್ನು ಡಿಲೀಟ್ ಮಾಡಬೇಡಿ, ಹುಡುಕಲು ಬೇಕಾಗುತ್ತೆ.